ಮಗನ ಸಲುವಾಗಿ ಸೋತ ದಾರಿಯಲ್ಲೇ ಮಗಳ ಸಲುವಾಗಿ ಗೆದ್ದೆ

ನನ್ನ ಮಗಳು ಬರುವ ಆಗಸ್ಟಿನಲ್ಲಿ ಫಿಲಡೆಲ್ಫಿಯಾ ಬಳಿಯ ಬ್ರಿನ್ ಮಾರ್ ಕಾಲೇಜಿನ ಎರಡನೆಯ ವರ್ಷಕ್ಕೆ ಕಾಲಿಡುತ್ತಾಳೆ. ಸಲಹೆಗಾರರ ನೆರವಿಲ್ಲದೆ, ಅಮೆರಿಕದ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಎಸ್‌ಎಟಿ ಬರೆಯದೆ, ಶಿರಸಿಯ ಕಡೆಯ ಒಂದು ಪಿಯು ಕಾಲೇಜಿನ ಅಂಕಪಟ್ಟಿ ಹಿಡಿದುಕೊಂಡು ಅಲ್ಲಿನ ಲಿಬರಲ್ ಆರ್ಟ್ಸ್ ಕಾಲೇಜು (ಕಲೆ, ವಿಜ್ಞಾನ ಎರಡನ್ನೂ ಪದವಿ ಮಟ್ಟದಲ್ಲಿ ಕಲಿಸುವ ಸಣ್ಣ ಕಾಲೇಜು) ಸೇರುವುದು ಆಗದ ಮಾತು ಎಂದವರೇ ನಮ್ಮ ನೆಂಟರಲ್ಲಿ ಹೆಚ್ಚು. ಅವರ ಅನುಮಾನಕ್ಕೆ ಕಾರಣವೂ ಇತ್ತು. ನಾಲ್ಕು ವರ್ಷ ಮೊದಲು ಮಗನಿಗಾಗಿ ಇದೇ ಪ್ರಯತ್ನ ಮಾಡಿ ನಾನು ಸೋತಿದ್ದೆ. ಕಾಮನ್ ಆ್ಯಪ್ (ಹಲವು ಕಾಲೇಜುಗಳಿಗೆ ಒಂದೇ ಪ್ರವೇಶ ಅರ್ಜಿ), ಸಿಎಸ್‌ಎಸ್ ಪ್ರೊಫೈಲ್ (ನೆರವಿಗಾಗಿ ಕುಟುಂಬದ ಆದಾಯ, ಆಸ್ತಿ ತುಂಬುವ ಅರ್ಜಿ) ಇವುಗಳ ಪರಿಚಯ ಇರುವ ಪಾಲಕರಿಗಾಗಿ ಬರೆಯುತ್ತಿರುವುದರಿಂದ ಆರಂಭದ ಪಾಠಗಳನ್ನು ಬಿಟ್ಟಿದ್ದೇನೆ.

ಮಗನ ಕಾಲಕ್ಕೆ ಬೆಂಗಳೂರಿನ ಒಂದು ಸಲಹಾ ಸಂಸ್ಥೆಗೆ 1.75 ಲಕ್ಷ ರೂಪಾಯಿ ಕೊಟ್ಟಿದ್ದೆ. ಎಸ್‌ಎಟಿ ತರಬೇತಿ, ಅರ್ಜಿ ಶುಲ್ಕ, ಓಡಾಟ ಎಲ್ಲ ಸೇರಿ ಮೂರು ಲಕ್ಷದ ಹತ್ತಿರ ಖರ್ಚಾಯಿತು. ಅವರು ಮಾಡಿದ್ದಿಷ್ಟೇ: ರ‍್ಯಾಂಕ್ ಪಟ್ಟಿಯ ಮೇಲ್ಭಾಗದಿಂದ ಒಂಬತ್ತು ಹೆಸರುಗಳನ್ನು ಇಳಿಸಿಕೊಟ್ಟರು. ಆ್ಯಮ್‌ಹರ್ಸ್ಟ್, ಪೊಮೊನಾ, ಸ್ವಾರ್ತ್‌ಮೋರ್‌ನಂತಹ ಕಾಲೇಜುಗಳು ನೂರು ಅರ್ಜಿಗಳಲ್ಲಿ ಏಳೆಂಟನ್ನು ಒಪ್ಪುತ್ತವೆ. ಅಂತಹವೇ ಒಂಬತ್ತು ಸೇರಿದರೆ ಪಟ್ಟಿ ಉದ್ದವಾಗುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಎಂಟು ಕಡೆಯಿಂದ ನಿರಾಕರಣೆ ಬಂತು. ಒಂಬತ್ತನೆಯ ಕಾಲೇಜು ಪ್ರವೇಶ ಕೊಟ್ಟಿತಾದರೂ ವರ್ಷಕ್ಕೆ 22,000 ಡಾಲರ್ ನಾವೇ ತುಂಬಬೇಕೆಂದಿತು. ಮಗ ಸಿಇಟಿಯಲ್ಲಿ ಸೀಟು ಪಡೆದು ಹುಬ್ಬಳ್ಳಿಗೆ ಹೋದ.

ಆ 22,000 ಡಾಲರ್ ಎಲ್ಲಿಂದ ಬಂತೆಂಬುದು ನನಗೆ ತಿಳಿದದ್ದು ಎರಡು ವರ್ಷದ ನಂತರ, ಹಳೆಯ ಸಿಎಸ್‌ಎಸ್ ಪ್ರೊಫೈಲ್ ತೆಗೆದು ಸಾಲುಸಾಲಾಗಿ ಓದಿದಾಗ. ನಮಗಿರುವುದು ಮೂರು ಎಕರೆ ಅಡಿಕೆ ತೋಟ. ಹೆಂಡತಿ ಅನುದಾನಿತ ಪ್ರೌಢಶಾಲೆಯ ಶಿಕ್ಷಕಿ. ಸಲಹಾ ಸಂಸ್ಥೆಯವರು ತೋಟಕ್ಕೆ ಯಾರೋ ಬಾಯಿಮಾತಿನಲ್ಲಿ ಹೇಳಿದ ಮಾರುಕಟ್ಟೆ ಬೆಲೆಯನ್ನು ಆಸ್ತಿಯ ಕಾಲಮ್ಮಿನಲ್ಲಿ ತುಂಬಿಬಿಟ್ಟಿದ್ದರು. ಅದನ್ನು ಓದಿದ ಕಾಲೇಜಿನ ಅಧಿಕಾರಿಗೆ ನಾವು ಕೋಟ್ಯಧಿಪತಿಗಳಾಗಿ ಕಂಡಿರಬೇಕು. ಮೇಲಾಗಿ ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲದ ಕಾರಣ ನನ್ನ ಹೆಸರಿನ ತೆರಿಗೆ ವಿವರವೇ ಇರಲಿಲ್ಲ, ಅದಕ್ಕೊಂದು ವಿವರಣೆಯನ್ನೂ ಕೊಟ್ಟಿರಲಿಲ್ಲ. ಮಗಳ ಸರದಿ ಬಂದಾಗ ನೋಂದಣಿ ಇಲಾಖೆಯ ಮಾರ್ಗಸೂಚಿ ದರವನ್ನೇ ಬರೆದು, ಅದು ಮಾರ್ಗಸೂಚಿ ದರವೆಂದು ಸ್ಪಷ್ಟವಾಗಿ ತಿಳಿಸಿದೆ. ಪಹಣಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಸಹಕಾರಿ ಸೊಸೈಟಿಯಲ್ಲಿ ಅಡಿಕೆ ಮಾರಿದ ಮೂರು ವರ್ಷಗಳ ಪಟ್ಟಿಗಳು, ಹೆಂಡತಿಯ ಫಾರ್ಮ್ 16, ಇವಿಷ್ಟನ್ನು ಅನುವಾದ ಮಾಡಿಸಿ ಜೊತೆಗಿಟ್ಟೆ. ಒಂದೂವರೆ ಪುಟದ ಪತ್ರದಲ್ಲಿ ಎಕರೆಗೆ ಎಷ್ಟು ಕ್ವಿಂಟಾಲ್, ಕೊಯ್ಲಿಗೂ ಸುಲಿಯುವುದಕ್ಕೂ ಕೂಲಿ ಎಷ್ಟು, ಔಷಧಿ ಹೊಡೆಸಲು ಎಷ್ಟು, ಕೈಗೆ ಉಳಿಯುವುದೆಷ್ಟು ಎಂದು ಲೆಕ್ಕ ಕೊಟ್ಟೆ. ಇಡೀ ಅರ್ಜಿಯಲ್ಲಿ ನಮಗೆ ಅತಿ ಹೆಚ್ಚು ಹಣ ಉಳಿಸಿಕೊಟ್ಟದ್ದು ಈ ಪತ್ರವೇ.

ಕಾಲೇಜುಗಳ ಆಯ್ಕೆಗೆ ರ‍್ಯಾಂಕ್ ಪಟ್ಟಿಯನ್ನು ಮುಟ್ಟಲಿಲ್ಲ. ಕಾಲೇಜುಗಳು ಪ್ರಕಟಿಸುವ ಕಾಮನ್ ಡೇಟಾ ಸೆಟ್ ಎಂಬ ಅಂಕಿಅಂಶಗಳ ಕಡತದಲ್ಲಿ ಎಚ್6 ಎಂಬ ಭಾಗವಿದೆ. ವಿದೇಶಿ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಕಾಲೇಜು ತನ್ನ ಹಣದಿಂದ ನೆರವು ಕೊಟ್ಟಿದೆ, ಸರಾಸರಿ ಎಷ್ಟು ಕೊಟ್ಟಿದೆ ಎಂಬುದು ಅಲ್ಲಿ ಸಿಗುತ್ತದೆ. ಸುಮಾರು 45 ಕಾಲೇಜುಗಳ ಈ ಅಂಕಿಗಳನ್ನು ಉದ್ದ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ವಿದೇಶಿ ವಿದ್ಯಾರ್ಥಿಗಳಲ್ಲಿ ಮೂರನೇ ಒಂದು ಭಾಗಕ್ಕೂ ನೆರವು ಸಿಗದಿದ್ದ ಕಾಲೇಜುಗಳನ್ನು, ಸರಾಸರಿ ನೆರವು 55,000 ಡಾಲರಿಗಿಂತ ಕಡಿಮೆ ಇದ್ದವುಗಳನ್ನು ಹೊಡೆದುಹಾಕಿದಾಗ ಹದಿನಾಲ್ಕು ಉಳಿದವು. ಅರ್ಜಿ ಹಾಕಿದ್ದು ಹನ್ನೆರಡಕ್ಕೆ. ಆ್ಯಮ್‌ಹರ್ಸ್ಟ್, ಬೋಡಿನ್‌ನಂತೆ ವಿದೇಶಿಯರ ಹಣದ ಅಗತ್ಯವನ್ನು ನೋಡದೆ ಪ್ರವೇಶ ನಿರ್ಧರಿಸುವ ಕಾಲೇಜುಗಳ ಕಡೆಗೆ ಎಲ್ಲರೂ ಮುಗಿಬೀಳುತ್ತಾರೆ. ಅಗತ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಒಮ್ಮೆ ಒಪ್ಪಿದ ಮೇಲೆ ಪೂರ್ತಿ ನೆರವು ಕೊಡುವ ಕಾಲೇಜುಗಳಲ್ಲೇ ನಮ್ಮಂಥವರಿಗೆ ಹೆಚ್ಚು ಅವಕಾಶ ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದೇ ಕಾಲೇಜಿಗೆ ಮುಂಚಿತವಾಗಿ ಹಾಕುವ ಅರ್ಲಿ ಡಿಸಿಷನ್ ಅರ್ಜಿ ಹಾಕಲಿಲ್ಲ; ಅದರಲ್ಲಿ ಸಿಕ್ಕರೆ ಅದಕ್ಕೇ ಕಟ್ಟುಬೀಳಬೇಕು, ನಾಲ್ಕು ನೆರವಿನ ಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅವಕಾಶವಿರುವುದಿಲ್ಲ.

ಪಿಯು ಕಾಲೇಜಿನ ಕಡೆಯ ಕೆಲಸವೇ ಎಲ್ಲಕ್ಕಿಂತ ನಿಧಾನವಾಗಿ ಸಾಗಿತು. ಒಂಬತ್ತನೆಯ ತರಗತಿಯಿಂದ ಈವರೆಗಿನ ಅಂಕಗಳನ್ನು ಒಂದೇ ಹಾಳೆಯಲ್ಲಿ ಕೊಡಬೇಕೆಂದಾಗ ಪ್ರಾಂಶುಪಾಲರು ಕೇಳಿದ ಮೊದಲ ಪ್ರಶ್ನೆ, ‘ಇದಕ್ಕೆ ಇಲಾಖೆಯ ಸುತ್ತೋಲೆ ಇದೆಯೇ?’ ಎಂಬುದು. ‘ಸರ್, ಸುತ್ತೋಲೆ ಇಲ್ಲ, ಆದರೆ ಇದರಲ್ಲಿ ನಿಮ್ಮ ದಾಖಲೆಯಲ್ಲಿ ಇಲ್ಲದ ಒಂದು ಅಂಕವೂ ಇಲ್ಲ’ ಎಂದು ಹೇಳಿ, ಎಸ್‌ಎಸ್‌ಎಲ್‌ಸಿ ಮತ್ತು ಪ್ರಥಮ ಪಿಯು ಅಂಕಪಟ್ಟಿಗಳ ಮೂಲಪ್ರತಿಗಳನ್ನು ಮೇಜಿನ ಮೇಲೆ ಹರವಿದೆ. ಐದು ಬಾರಿ ಹೋದ ನಂತರ ಸಹಿ, ಮೊಹರು ಎರಡೂ ಬಿದ್ದವು. ದ್ವಿತೀಯ ಪಿಯುಗೆ ಅಂದಾಜು ಅಂಕ ಬರೆದುಕೊಡಲು ಯಾರೂ ಒಪ್ಪಲಿಲ್ಲ. ಬದಲಿಗೆ ಮಧ್ಯವಾರ್ಷಿಕ ಪರೀಕ್ಷೆಯ ಅಂಕಗಳನ್ನು ಕಳುಹಿಸಿದೆವು, ಯಾವ ಕಾಲೇಜೂ ಆಕ್ಷೇಪಿಸಲಿಲ್ಲ. ಶಿಫಾರಸು ಪತ್ರವನ್ನು ಮಗಳನ್ನು ಚೆನ್ನಾಗಿ ಬಲ್ಲ ಕನ್ನಡ ಉಪನ್ಯಾಸಕರೇ ಕನ್ನಡದಲ್ಲಿ ಬರೆದರು, ಇಂಗ್ಲಿಷ್ ಉಪನ್ಯಾಸಕರು ಅನುವಾದಿಸಿದರು, ಎರಡು ಪ್ರತಿಗಳೂ ಒಟ್ಟಿಗೆ ಹೋದವು. ಮಗನ ಕಾಲದಲ್ಲಿ ಸಲಹಾ ಸಂಸ್ಥೆಯ ಮಾದರಿ ನೋಡಿ ಬರೆಸಿದ ನುಣುಪು ಪತ್ರಕ್ಕಿಂತ ಇದು ನೂರು ಪಾಲು ಮೇಲಾಗಿತ್ತು.

ಅರ್ಜಿಯ ಜೊತೆ ಕೊಡಬೇಕಾದ ಪ್ರಬಂಧ ಮಗಳದ್ದೇ. ನನ್ನ ತಾಯಿ ಅಂಗಳದಲ್ಲಿ ಕುಳಿತು ಅಡಿಕೆ ಆರಿಸುವಾಗ ಚಾಲಿಯ (ಒಣಗಿಸಿ ಸುಲಿದ ಅಡಿಕೆ) ರಾಶಿಯಿಂದ ಬಿಳಿಗೋಟನ್ನು (ಕೆಳದರ್ಜೆಯ ಅಡಿಕೆ) ಮುಟ್ಟಿದೊಡನೆ ಬೇರೆ ಹಾಕುತ್ತಾರೆ. ಹೇಗೆ ಗೊತ್ತಾಯಿತೆಂದು ಮಗಳು ಐದಾರು ಬಾರಿ ಕೇಳಿದರೂ ‘ಅದು ಬಿಳಿಗೋಟು, ಅಷ್ಟೇ’ ಎಂಬ ಉತ್ತರವೇ ಬಂತು. ಬೆರಳಿಗೆ ತಿಳಿದದ್ದಕ್ಕೆ ಹೆಸರು ಮಾತ್ರ ಇದ್ದು ವಿವರಣೆ ಇಲ್ಲದಿರುವುದರ ಬಗ್ಗೆ 650 ಪದಗಳ ಮಿತಿಯೊಳಗೆ ಆಕೆ ಬರೆದದ್ದನ್ನು ನಾನು ಒಂದು ಅಕ್ಷರವೂ ತಿದ್ದಲಿಲ್ಲ. ಭಾಷಾಶಾಸ್ತ್ರ ಓದಬೇಕೆಂಬ ಆಕೆಯ ಹಂಬಲಕ್ಕೆ ಬೇರೆ ಪುರಾವೆ ಬೇಕಾಗಲಿಲ್ಲ. ಎಸ್‌ಎಟಿಯನ್ನು ಪೂರ್ತಿ ಬಿಟ್ಟೆವು. ಬೋಡಿನ್ 1969ರಲ್ಲೇ ಅದನ್ನು ಐಚ್ಛಿಕ ಮಾಡಿತ್ತು, ನಮ್ಮ ಪಟ್ಟಿಯ ಉಳಿದ ಕಾಲೇಜುಗಳೂ ಆ ವರ್ಷ ಕಡ್ಡಾಯ ಮಾಡಿರಲಿಲ್ಲ. ಮನೆಯಲ್ಲೇ ಬರೆಯುವ ಇಂಗ್ಲಿಷ್ ಪರೀಕ್ಷೆಯ ಮೊದಲ ಪ್ರಯತ್ನ ಮಳೆಗೆ ಕರೆಂಟು ಹೋಗಿ ಅರ್ಧಕ್ಕೆ ನಿಂತಿತು. ಎರಡನೆಯದನ್ನು ಹುಬ್ಬಳ್ಳಿಯಲ್ಲಿ ಮಗನ ಕೋಣೆಯಿಂದ ಬರೆಸಿದೆ.

ಈ ನಡುವೆ ನನ್ನದೊಂದು ಬೇರೆಯೇ ಪ್ರಯೋಗ ನಡೆದಿತ್ತು. ಹನ್ನೆರಡೂ ಕಾಲೇಜುಗಳ ಪ್ರವೇಶ ಕಚೇರಿಗಳಿಗೆ ಒಂದೇ ದಿನ ಒಂದೇ ಪ್ರಶ್ನೆಯನ್ನು ಕಳುಹಿಸಿ, ಯಾರು ಎಷ್ಟು ದಿನಕ್ಕೆ, ಎಷ್ಟು ನೇರವಾಗಿ ಉತ್ತರಿಸುತ್ತಾರೆಂದು ಗುರುತು ಹಾಕಿಕೊಂಡೆ. ಕೊನೆಗೆ ಪ್ರವೇಶ ಕೊಟ್ಟ ಮೂರೂ ಕಾಲೇಜುಗಳು ಎರಡು ದಿನದೊಳಗೆ ಉತ್ತರಿಸಿದವುಗಳೇ. ಆ ಪ್ರಶ್ನೆ ಯಾವುದು, ಕಾಮನ್ ಆ್ಯಪ್‌ನ ಚಟುವಟಿಕೆಗಳ ಹತ್ತು ಸಾಲುಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆವು ಎಂಬೆರಡನ್ನು ಇಲ್ಲಿ ಬಿಚ್ಚಿಡಲಾರೆ. ತಂಗಿಯ ಮಗ ಈ ವರ್ಷ ಅರ್ಜಿ ಹಾಕುತ್ತಿದ್ದಾನೆ.

ಮಾರ್ಚ್ ಕೊನೆಗೆ ಬ್ರಿನ್ ಮಾರ್, ಮೆಕಲೆಸ್ಟರ್, ಗ್ರಿನ್ನೆಲ್ ಮೂರೂ ಒಪ್ಪಿಗೆ ಕೊಟ್ಟವು. ಉತ್ತರ ಕೊಡಲು ಮೇ 1ರವರೆಗೆ ಸಮಯವಿತ್ತು. ಗ್ರಿನ್ನೆಲ್‌ನಲ್ಲಿ ಮೊದಲ ವರ್ಷದ ಟ್ಯುಟೋರಿಯಲ್ ಬಿಟ್ಟರೆ ಎಲ್ಲರಿಗೂ ಕಡ್ಡಾಯವೆಂಬ ವಿಷಯವಿಲ್ಲ ಎಂಬುದು ಮಗಳಿಗೆ ಬಹಳ ಹಿಡಿಸಿತ್ತು. ಆದರೆ ಸಣ್ಣ ಕಾಲೇಜಿನ ಕೈಪಿಡಿಯಲ್ಲಿ ಅಚ್ಚಾದ ಕೋರ್ಸುಗಳೆಲ್ಲ ಪ್ರತಿ ಸೆಮಿಸ್ಟರಿನಲ್ಲೂ ನಡೆಯುವುದಿಲ್ಲ. ಆದ್ದರಿಂದ ಹಿಂದಿನ ನಾಲ್ಕು ಸೆಮಿಸ್ಟರುಗಳ ವೇಳಾಪಟ್ಟಿಗಳನ್ನು ಇಳಿಸಿಕೊಂಡು, ಭಾಷಾಶಾಸ್ತ್ರದ ಕೋರ್ಸುಗಳು ನಿಜಕ್ಕೂ ಎಷ್ಟು ನಡೆದಿವೆ ಎಂದು ತಂದೆ-ಮಗಳು ಒಂದೊಂದಾಗಿ ಎಣಿಸಿದೆವು. ಬ್ರಿನ್ ಮಾರ್, ಹ್ಯಾವರ್‌ಫರ್ಡ್, ಸ್ವಾರ್ತ್‌ಮೋರ್ ಮೂರೂ ಸೇರಿ ಈ ವಿಷಯವನ್ನು ನಡೆಸುವುದರಿಂದ ಅಲ್ಲಿನ ಎಣಿಕೆ ಬಹಳ ಮುಂದಿತ್ತು. ಅಣ್ಣನಿಗೆ ಸಿಗದ ಸ್ವಾರ್ತ್‌ಮೋರ್‌ನ ತರಗತಿಯಲ್ಲಿ ತಂಗಿ ಈಗ ಕಾಲೇಜಿನ ವಾಹನದಲ್ಲಿ ಹೋಗಿ ಕುಳಿತು ಬರುತ್ತಾಳೆ. ‘ಹೆಣ್ಣುಮಕ್ಕಳ ಕಾಲೇಜಿಗೆ ಅಷ್ಟು ದೂರ ಯಾಕೆ’ ಎಂದ ಭಾವನವರಿಗೆ ನಾನು ತೋರಿಸಿದ್ದು ಈ ಎಣಿಕೆಯ ಹಾಳೆಯನ್ನೇ.

ಬ್ರಿನ್ ಮಾರ್ ಕೊಟ್ಟ ನೆರವಿಗೂ ನಮಗೆ ಬೇಕಾದದ್ದಕ್ಕೂ ನಡುವೆ ಅಂತರ ಇನ್ನೂ ಉಳಿದಿತ್ತು. ಹಿಂದಿನ ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೂರನೇ ಒಂದು ಭಾಗ ಬೆಳೆ ಉದುರಿತ್ತು. ಸೊಸೈಟಿಯ ಹೊಸ ಪಟ್ಟಿ ಹಚ್ಚಿ ಮರುಪರಿಶೀಲನೆ ಕೋರಿದಾಗ ವರ್ಷಕ್ಕೆ ಸುಮಾರು 4,000 ಡಾಲರ್ ಹೆಚ್ಚಿಸಿದರು. ಈಗ ವರ್ಷದ ಒಟ್ಟು ವೆಚ್ಚ ಸುಮಾರು 86,000 ಡಾಲರ್, ಕಾಲೇಜಿನ ನೆರವು ಸುಮಾರು 76,000, ಕ್ಯಾಂಪಸ್ಸಿನಲ್ಲಿ ಮಗಳ ದುಡಿಮೆ 2,500, ಉಳಿದ ಸುಮಾರು 7,500 ಡಾಲರ್, ಅಂದರೆ ಆರು ಲಕ್ಷ ರೂಪಾಯಿಗೂ ಹೆಚ್ಚು, ನಮ್ಮದು. ಅರ್ಜಿಯ ಹಂತದಲ್ಲಿ ಖರ್ಚಾದದ್ದು ನಲವತ್ತು ಸಾವಿರ ರೂಪಾಯಿಯೊಳಗೆ. ಅದರಲ್ಲಿ ಸಿಎಸ್‌ಎಸ್‌ಗೆ ಮೊದಲ ಕಾಲೇಜಿಗೆ 25, ಆಮೇಲೆ ತಲಾ 16 ಡಾಲರಿನಂತೆ 201 ಡಾಲರ್ ಹೋಯಿತು. ವೀಸಾಕ್ಕೆ 185, ವಿದೇಶಿ ವಿದ್ಯಾರ್ಥಿಗಳ ನೋಂದಣಿ ವ್ಯವಸ್ಥೆಯಾದ ಸೆವಿಸ್‌ಗೆ 350 ಡಾಲರ್, ಚೆನ್ನೈ ಪ್ರಯಾಣ, ವಿಮಾನದ ಟಿಕೆಟು ಇವೆಲ್ಲ ಬೇರೆ.

ಯಾವ ಸಲಹೆಗಾರರೂ ಹೇಳದ ಒಂದು ಖರ್ಚು ಅಲ್ಲಿ ಸೇರಿದ ಮೇಲೆ ಎದುರಾಯಿತು. ನೆರವಿನಲ್ಲಿ ಬೋಧನಾ ಶುಲ್ಕವನ್ನು ಮೀರಿ ಊಟ-ವಸತಿಗೆ ಹೋಗುವ ಭಾಗಕ್ಕೆ ಅಮೆರಿಕದಲ್ಲಿ ಶೇ 14ರಷ್ಟು ತೆರಿಗೆ ಹಿಡಿಯುತ್ತಾರೆ. ಮೊದಲ ಅರ್ಧ ವರ್ಷಕ್ಕೆ ಸುಮಾರು 700 ಡಾಲರ್ ಹಿಡಿದರು. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೆಯ ವಿಧಿಯ ಪ್ರಕಾರ ಭಾರತೀಯ ವಿದ್ಯಾರ್ಥಿಗಳು ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಲೆಕ್ಕ ಹಾಕುವ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತ) ಪಡೆಯಬಹುದು. ಏಪ್ರಿಲಿನಲ್ಲಿ ಮಗಳು ಅದನ್ನು ನಮೂದಿಸಿ ತೆರಿಗೆ ವಿವರ ಸಲ್ಲಿಸಿದಳು, ಜೂನ್ ಮೊದಲ ವಾರ ಹಣ ಮರಳಿ ಬಂತು. ಅದರಲ್ಲೇ ಆಕೆ ಈ ಮಳೆಗಾಲಕ್ಕೆ ಊರಿಗೆ ಬರುವ ಟಿಕೆಟಿನ ಅರ್ಧಕ್ಕಿಂತ ಹೆಚ್ಚು ಹಣ ಹೊಂದಿಸಿಕೊಂಡಳು.