ಖಣದ ಚಂಚಿಯಲ್ಲಿ ಎಂಟು ಗಂಟೆಯ ಔಷಧಿ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಮಗಳಿಗೆ ಮೂರ್ಛೆರೋಗ, ಊರಿನ ಮಾತಿನಲ್ಲಿ ಫಿಟ್ಸ್. ಗುಳಿಗೆ ಕೊಟ್ಟರೆ ಉಗುಳುವ ವಯಸ್ಸಿನಲ್ಲಿ ಶುರುವಾದದ್ದರಿಂದ ಇಂದಿಗೂ ಆಕೆಯದು ಬಾಟಲಿಯ ಔಷಧಿಯೇ. ಬೆಳಿಗ್ಗೆ ಎಂಟಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ, ನಡುವೆ ಹನ್ನೆರಡು ತಾಸು. ಮನೆಯಲ್ಲಿದ್ದರೆ ಇದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ ಎಂಟು ಗಂಟೆ ನಾವು ಇದ್ದಲ್ಲಿಗೇ ಬರುತ್ತದೆ: ವಿಜಯಪುರದಿಂದ ಮರಳುವ ಬಸ್ಸಿನಲ್ಲಿ, ಬೀಗರ ಮನೆಯ ಊಟದ ಪಂಗ್ತಿಯಲ್ಲಿ, ಬನಶಂಕರಿ ಜಾತ್ರೆಯ ನಾಟಕದ ಟೆಂಟಿನಲ್ಲಿ. ಅಲ್ಲೆಲ್ಲ ದೊಡ್ಡ ಬಾಟಲಿ ತೆಗೆದು, ಮುಚ್ಚಳದಲ್ಲಿ ಸುರಿದು, ಕೂಸಿನ ಬಾಯಿ ತೆರೆಸಿದರೆ ಸುತ್ತಲಿನ ಮುಖಗಳೆಲ್ಲ ಇತ್ತ ತಿರುಗುತ್ತವೆ.

ಮರೆಮಾಚುವುದು ಯಾಕೆ ಎಂದು ಓದಿದವರು ಕೇಳುತ್ತಾರೆ. ನಮ್ಮ ಅತ್ತೆಯವರ ಕಾರಣ ಸರಳ: "ಹೆಣ್ಣು ಕೂಸು, ನಾಳೆ ಕನ್ಯೆ ಕೇಳಿಕೊಂಡು ಯಾರು ಬರುತ್ತಾರವ್ವ?" ಒಂದು ಕಾಲಕ್ಕೆ ಈ ಭಯಕ್ಕೆ ಕಾನೂನಿನ ಬಲವೂ ಇತ್ತು. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಿದ್ದುಪಡಿ ತಂದಾಗ, ಮದುವೆಗೆ ಅಡ್ಡಿಯಾಗುವ ಕಾರಣಗಳಲ್ಲಿ ಹುಚ್ಚಿನ ಪಕ್ಕದಲ್ಲೇ ಮೂರ್ಛೆರೋಗವನ್ನೂ ಬರೆದಿದ್ದರು. ಅದನ್ನು ತೆಗೆದುಹಾಕಿದ್ದು 1999ರ ತಿದ್ದುಪಡಿಯಲ್ಲಿ. ಕಾಯ್ದೆಯಿಂದ ಹೋದದ್ದು ಓಣಿಯಿಂದ ಇನ್ನೂ ಹೋಗಿಲ್ಲ. ನನ್ನ ಕಾರಣ ಬೇರೆ. ಮಗಳೇ ಹೇಳಿದಳು, "ಅವ್ವಾ, ಎಲ್ಲರ ಮುಂದೆ ಬೇಡ" ಎಂದು. ನನಗೆ ಅಷ್ಟು ಸಾಕಾಯಿತು. ಆದರೆ ಅಂದೇ ಒಂದು ಗಟ್ಟಿ ಮಾಡಿಕೊಂಡೆ. ಮಂದಿಯ ಕಣ್ಣಿಗೆ ಕಾಣದಂತೆ ಕೊಡುತ್ತೇನೆ. ನಾಳೆ ನನ್ನ ಬದಲು ಕೊಡಬೇಕಾದವರಿಗೆ ಮಾತ್ರ ಎಲ್ಲವೂ ಕಾಣುವಂತಿರಬೇಕು. ಹೆಸರಿಲ್ಲದ ಬಾಟಲಿಯಲ್ಲಿ ಔಷಧಿ ಹಾಕಿ ಒಯ್ಯುವುದಕ್ಕಿಂತ ನಾಲ್ಕು ಜನ ನೋಡಿದರೆ ನೋಡಲಿ ಎನ್ನುವವಳು ನಾನು.

ಮೊದಲು ಅಳತೆಯ ಮಾತು. ಚಮಚವನ್ನು ಬಿಟ್ಟುಬಿಡಿ. ನಮ್ಮ ಅಡುಗೆಮನೆಯ ಚಮಚಗಳಲ್ಲಿ ನೀರು ತುಂಬಿ ಸಿರಿಂಜಿನಿಂದ ಎಳೆದು ನೋಡಿದ್ದೇನೆ. ಒಂದರಲ್ಲಿ 4 ಮಿಲಿಯೂ ಹಿಡಿಯಲಿಲ್ಲ, ಇನ್ನೊಂದರಲ್ಲಿ 6 ದಾಟಿತು. ಔಷಧಿಯ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳ ಮನೆಗೆ ಸರಿ, ಓಡುವ ಬಸ್ಸಿಗಲ್ಲ. ಹೊರಗೆ ಹೋಗುವಾಗ ನನಗೆ ಬೇಕಾದದ್ದು ಬಾಯಿಗೆ ಹಾಕುವ ಸಿರಿಂಜ್. ಇದರ ತುದಿಗೆ ಸೂಜಿ ಕೂರುವುದೇ ಇಲ್ಲ, ಹಾಗಾಗಿ ಇಂಜೆಕ್ಷನ್ ಎಂದು ಯಾರೂ ತಪ್ಪು ತಿಳಿದು ಚುಚ್ಚಲಾರರು. ಎಲ್ಲ ಔಷಧಿ ಅಂಗಡಿಗಳಲ್ಲಿ ಇದು ಸಿಗುವುದಿಲ್ಲ. ಕೇಳಿದರೆ ಇಂಜೆಕ್ಷನ್ ಸಿರಿಂಜ್ ಕೊಟ್ಟು "ಸೂಜಿ ತೆಗೆದು ಬಳಸಿರಿ ಅಕ್ಕಾ" ಎನ್ನುತ್ತಾರೆ. ಅನಿವಾರ್ಯವಾದರೆ ನಡೆಯುತ್ತದೆ, ಆದರೆ ಅದರ ಪುಟ್ಟ ಮುಚ್ಚಳವನ್ನು ಮೊದಲೇ ತೆಗೆದು ಕಸಕ್ಕೆ ಹಾಕಬೇಕು. ಮರೆತು ಒತ್ತಿದರೆ ಅದೇ ಹಾರಿ ಮಗುವಿನ ಗಂಟಲಿಗೆ ಹೋಗುತ್ತದೆ. ಕೆಲವು ಕಂಪನಿಗಳ ಔಷಧಿಯ ಡಬ್ಬದಲ್ಲೇ ಸಿರಿಂಜ್, ಅದರ ಜೊತೆ ಬಾಟಲಿಯ ಬಾಯಿಗೆ ಕೂರಿಸುವ ತೂತಿನ ಬಿರಡೆ ಎರಡೂ ಬರುತ್ತವೆ. ಬಿರಡೆ ಕೂರಿಸಿ ಬಾಟಲಿ ಬೋರಲು ಮಾಡಿ ಎಳೆದರೆ ಒಂದು ಹನಿಯೂ ಚೆಲ್ಲುವುದಿಲ್ಲ. ಗುಳ್ಳೆ ಬಂದರೆ ಬೆರಳಿನಿಂದ ತಟ್ಟಿ, ಗುಳ್ಳೆಯನ್ನು ಹಿಂದಕ್ಕೆ ಬಾಟಲಿಗೆ ಒತ್ತಿ, ಮತ್ತೆ ಗೆರೆಗೆ ಸರಿಯಾಗಿ ಎಳೆಯುತ್ತೇನೆ. ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದೇ ನೋಡಬೇಕು. ಟೇಪ್ ಹಿಡಿದು ಎದೆಸುತ್ತು ಅಳೆಯುವ ನಮ್ಮಂಥವರಿಗೆ ಇದನ್ನು ಬೇರೆಯವರು ಕಲಿಸಬೇಕಾಗಿಲ್ಲ.

ಮನೆಯಲ್ಲೇ ತುಂಬಿ ಒಯ್ಯಬೇಕೇ, ಬಾಟಲಿ ಒಯ್ದು ಅಲ್ಲಿ ತುಂಬಬೇಕೇ? ಸಂಜೆಯ ಒಂದು ಹೊತ್ತಿನದಾದರೆ ತುಂಬಿ ಒಯ್ಯುತ್ತೇನೆ, ಅದೂ ಹೊರಡುವ ಮುಂಚೆ ತುಂಬಿ ಅದೇ ದಿನ ಕೊಡುವುದು. ನಾಳೆಯದನ್ನು ಇಂದೇ ತುಂಬಿಡುವುದಿಲ್ಲ. ಊರಿಗೆ ಹೋಗಿ ಉಳಿಯುವುದಾದರೆ ಕಂಪನಿಯ ಚೀಟಿ ಇರುವ ಮೂಲ ಬಾಟಲಿಯೇ ಬರುತ್ತದೆ, ಎಷ್ಟೇ ಭಾರವಾದರೂ. ಹೋಮಿಯೋಪಥಿಯ ಪುಟ್ಟ ಸೀಸೆಗಳಲ್ಲಿ ಹಾಕಿಕೊಳ್ಳಿ, ಯಾರೂ ಏನೂ ಕೇಳುವುದಿಲ್ಲ ಎಂದು ಪರಿಚಯದವರೊಬ್ಬರು ಸಲಹೆ ಕೊಟ್ಟರು. ಯಾರೂ ಕೇಳುವುದಿಲ್ಲ ಎನ್ನುವುದು ನಿಜ. ಆದರೆ ಸಿಹಿಗುಳಿಗೆಯ ಸೀಸೆ ಎಂದು ಇನ್ನೊಂದು ಕೂಸು ಎತ್ತಿ ಕುಡಿಯುವುದೂ ನಿಜವಾದೀತು. ತಂಪುಪಾನೀಯದ ಬಾಟಲಿಯ ಮಾತಂತೂ ಬೇಡವೇ ಬೇಡ.

ಇನ್ನು ಚಂಚಿ. ನಮ್ಮ ಅಜ್ಜಿಯ ಸೊಂಟದಲ್ಲಿ ಸದಾ ಎಲೆ ಅಡಿಕೆಯ ಚಂಚಿ ಇರುತ್ತಿತ್ತು. ಎಲೆಗೊಂದು ಪದರ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು. ಮೇಲೆ ದಾರ ಎಳೆದರೆ ಎಲ್ಲ ಮುಚ್ಚಿಕೊಳ್ಳುತ್ತಿತ್ತು. ಹೆಂಗಸಿನ ಚಂಚಿಯೊಳಗೆ ಏನಿದೆ ಎಂದು ಇಣುಕಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಅದೇ ಮಾದರಿಯನ್ನು ಹಿಡಿದೆ. ಮೇಲ್ಬಟ್ಟೆಗೆ ಕುಪ್ಪಸ ಹೊಲಿದು ಉಳಿದ ಗುಳೇದಗುಡ್ಡದ ಖಣದ ತುಂಡು, ಒಳಗೆ ಒರೆಸಿದರೆ ಸ್ವಚ್ಛವಾಗುವ ತೆಳು ರೆಗ್ಜಿನ್. ಔಷಧಿಯಲ್ಲಿ ಸಕ್ಕರೆಯಂಥ ಅಂಟು ಇರುತ್ತದೆ. ಬರಿಯ ಬಟ್ಟೆಯಾದರೆ ಮರುದಿನ ಬೆಳಿಗ್ಗೆ ಇರುವೆಗಳ ಸಾಲು ಹತ್ತಿರುತ್ತದೆ.

ತೊಡಕು ಬಂದದ್ದು ಉದ್ದದಲ್ಲಿ. ಸಿರಿಂಜ್ ಖಾಲಿಯಿದ್ದಾಗ ಗಿಡ್ಡ. ತುಂಬಿದಾಗ ಒತ್ತುವ ಕೋಲು ಹೊರಗೆ ಬಂದಿರುತ್ತದೆ, ಆಗ ಉದ್ದ ಹೆಚ್ಚೂಕಡಿಮೆ ಅರ್ಧದಷ್ಟು ಬೆಳೆಯುತ್ತದೆ. ಆದ್ದರಿಂದ ಕಿಸೆಯ ಅಳತೆಯನ್ನು ತುಂಬಿದ ಸಿರಿಂಜ್ ಇಟ್ಟೇ ತೆಗೆಯಬೇಕು. ಬಸ್ಸಿನ ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ ಆ ಕೋಲಿಗೆ ತಾಗಿದರೆ ಔಷಧಿಯೆಲ್ಲ ಚಂಚಿಯ ಪಾಲು. ಕಾಲರಿಗೆ ಹಾಕುವ ಬಕ್ರಂ ಎರಡು ಪದರ ಕೊಟ್ಟರೂ ತಡೆಯುವುದಿಲ್ಲ. ಕಡೆಗೆ ಒಗ್ಗಿದ್ದು ಮಾವನವರ ಹಳೆಯ ಕನ್ನಡಕದ ಗಟ್ಟಿ ಡಬ್ಬಿ. ಸಿರಿಂಜಿನ ತುದಿಗೆ ಟೊಪ್ಪಿ ಹಾಕಿ, ಮಡಚಿದ ಕಾಗದದ ಕರವಸ್ತ್ರದ ಮೇಲೆ ಮಲಗಿಸಿ, ಡಬ್ಬಿ ಮುಚ್ಚಿ ಚಂಚಿಯ ನಡುವಿನ ಪದರಕ್ಕೆ ಸೇರಿಸುತ್ತೇನೆ. ಕಾಗದ ಒದ್ದೆಯಾಗಿದ್ದರೆ ಸೋರಿದೆ ಎಂದೇ ಲೆಕ್ಕ. ಅಂಥ ಸಿರಿಂಜಿನಲ್ಲಿ ಎಷ್ಟು ಉಳಿದಿದೆ ಎಂದು ಊಹಿಸಿ ಕೊಡುವುದಿಲ್ಲ. ಚೆಲ್ಲಿ ಬಾಟಲಿಯಿಂದ ಹೊಸದಾಗಿ ತುಂಬುತ್ತೇನೆ. ಬೇಸಿಗೆಯಲ್ಲಿ ಸೋರುವುದು ಹೆಚ್ಚು. ಒಳಗೆ ಗಾಳಿ ಉಳಿದಿದ್ದರೆ ಬಿಸಿಲಿಗೆ ಅದು ಹಿಗ್ಗಿ ಔಷಧಿಯನ್ನು ಹೊರಗೆ ದೂಡುತ್ತದೆ, ಅದಕ್ಕೇ ಗುಳ್ಳೆ ತೆಗೆಯುವ ಕೆಲಸದಲ್ಲಿ ಅವಸರ ಮಾಡುವುದಿಲ್ಲ.

ಬಿಸಿಲಿನದು ಬೇರೆಯೇ ಚಿಂತೆ. ನಮ್ಮ ಬಾಟಲಿಯ ಮೇಲೆ 30 ಡಿಗ್ರಿ ಮೀರದ ಜಾಗದಲ್ಲಿ ಇಡಿ ಎಂದು ಅಚ್ಚು ಹಾಕಿದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ, ವಿಜಯಪುರಗಳಲ್ಲಿ ಹೊರಗೆ 40 ದಾಟುತ್ತದೆ. ನಿಲ್ಲಿಸಿದ ಕಾರಿನೊಳಗೆ ಇನ್ನೂ ಹೆಚ್ಚು. ಹಾಗೆಂದು ಐಸಿನಲ್ಲಿ ಹುಗಿಯುವ ಔಷಧಿಯೂ ಅಲ್ಲ ಇದು. ಬಸ್ಸಿನ ಕಿಟಕಿಯ ಬದಿ ಇಡುವುದಿಲ್ಲ, ಬ್ಯಾಗಿನ ನಡುವೆ ಬಟ್ಟೆಗಳ ಒಳಗೆ ಇಡುತ್ತೇನೆ, ಕಾರಿನಿಂದ ಇಳಿದರೆ ಚಂಚಿಯೂ ಇಳಿಯುತ್ತದೆ.

ಬಸ್ಸಿನಲ್ಲಿ ಕೊಡುವ ಹೊತ್ತನ್ನು ಹತ್ತುಹದಿನೈದು ನಿಮಿಷ ಆಚೀಚೆ ಮಾಡಿಕೊಳ್ಳಬಹುದೆಂದು ನಮ್ಮ ಡಾಕ್ಟರ್ ಹೇಳಿದ್ದರಿಂದ ವಿಜಯಪುರದ ದಾರಿಯಲ್ಲಿ ಸಿಗುವ ಕೊಲ್ಹಾರ ನನಗೆ ಅನುಕೂಲದ ಜಾಗ. ಬಸ್ಸು ನಿಂತೊಡನೆ ಗಡಿಗೆ ಮೊಸರು ಮಾರುವವರು ಕಿಟಕಿಗೆ ಮುತ್ತುತ್ತಾರೆ, ಎಲ್ಲರ ಕಣ್ಣೂ ಮೊಸರಿನ ಮೇಲೆ. ಅಷ್ಟರಲ್ಲಿ ಮಗಳನ್ನು ನೆಟ್ಟಗೆ ಕೂರಿಸಿ, ನನ್ನ ಸೆರಗಿನ ಮರೆಯಲ್ಲಿ ಸಿರಿಂಜಿನ ತುದಿಯನ್ನು ಕೆನ್ನೆಯ ಒಳಬದಿಗೆ ಇಟ್ಟು ನಿಧಾನವಾಗಿ ಒತ್ತುತ್ತೇನೆ. ನಾಲಿಗೆಯ ಹಿಂಭಾಗಕ್ಕೆ ಹಾರಿಸಿದರೆ ನೆತ್ತಿಗೇರುತ್ತದೆ. ಮೇಲೆ ಎರಡು ಗುಟುಕು ನೀರು, ಅಮೀನಗಡದ ಕರದಂಟಿನ ಚೂರು. ಕರದಂಟು ಔಷಧಿಯ ಭಾಗವಲ್ಲ, ಲಂಚ. ಈಗ ಆಕೆಯೇ ಸಿರಿಂಜ್ ಹಿಡಿದು ತೆಗೆದುಕೊಳ್ಳುತ್ತಾಳೆ. ಗೆರೆಯನ್ನು ಮಾತ್ರ ನಾನು ನೋಡುತ್ತೇನೆ.

ಗೆರೆಯ ಬಗ್ಗೆ ಇಷ್ಟು ಹಟ ಯಾಕೆ ಎಂದರೆ ನಡುವೆ ಔಷಧಿ ಬದಲಾಯಿತು. ಮೊದಲಿನದು ಸೋಡಿಯಂ ವಾಲ್‌ಪ್ರೋಯೇಟ್ ಸಿರಪ್, 5 ಮಿಲಿಯಲ್ಲಿ 200 ಮಿಲಿಗ್ರಾಂ. ಹೆಣ್ಣುಮಕ್ಕಳು ದೊಡ್ಡವರಾದ ಮೇಲೆ, ಗರ್ಭ ನಿಂತರೆ ಹೊಟ್ಟೆಯ ಕೂಸಿಗೆ ಅದರಿಂದ ತೊಂದರೆ ಇದೆ ಎಂದು ಡಾಕ್ಟರ್ ಮುಂದಾಲೋಚನೆಯಿಂದ ಲೆವೆಟಿರಾಸೆಟಮ್‌ಗೆ ಬದಲಿಸಿದರು. ಇದು 1 ಮಿಲಿಯಲ್ಲಿ 100 ಮಿಲಿಗ್ರಾಂ. ಲೆಕ್ಕ ಹಾಕಿ ನೋಡಿ: ಹಳೆಯದರಲ್ಲಿ 1 ಮಿಲಿಗೆ 40, ಹೊಸದರಲ್ಲಿ 100. ಸಿರಿಂಜಿನ ಮೇಲಿನ ಒಂದೇ ಗೆರೆ, ಒಳಗಿನ ಔಷಧಿ ಎರಡೂವರೆ ಪಟ್ಟು. ಹಳೆಯ ಅಭ್ಯಾಸದ ಕೈ ಹಳೆಯ ಗೆರೆಗೇ ಹೋಗುತ್ತದೆ. ಆ ದಿನವೇ ಹಳೆಯ ಸಿರಿಂಜ್‌ಗಳನ್ನೆಲ್ಲ ಎಸೆದು, ಹೊಸ ಸಿರಿಂಜಿನಲ್ಲಿ ನಮ್ಮ ಗೆರೆಗೆ ಉಗುರಿನ ಬಣ್ಣದಿಂದ ಗುರುತು ಹಾಕಿದೆ. ಡೋಸು ಬದಲಾದರೆ ಸಿರಿಂಜೂ ಬದಲು. ತೊಳೆದು ತೊಳೆದು ಅಂಕಿಗಳು ಮಾಸಿದರೆ, ಕೋಲು ಜಗ್ಗಲು ಬಿಗಿಯಾದರೆ ಆಗಲೂ ಎಸೆಯುವುದೇ. ಎಷ್ಟು ಕೊಡಬೇಕು ಎಂಬ ಅಂಕಿಯನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಅದು ಕೂಸಿನ ತೂಕ ನೋಡಿ ಡಾಕ್ಟರ್ ಬರೆಯುವ ಅಂಕಿ.

ಚಂಚಿಯ ಒಳಮುಚ್ಚಳಕ್ಕೆ ಬಿಳಿ ಬಟ್ಟೆಯ ಪಟ್ಟಿ ಹೊಲಿದಿದ್ದೇನೆ. ಅಳಿಸದ ಪೆನ್ನಿನಲ್ಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಮಗಳ ಹೆಸರು, ಔಷಧಿಯ ಹೆಸರು, 1 ಮಿಲಿಗೆ ಎಷ್ಟು ಮಿಲಿಗ್ರಾಂ, ಒಂದು ಹೊತ್ತಿಗೆ ಎಷ್ಟು ಮಿಲಿ, ಹೊತ್ತು, ನಮ್ಮಿಬ್ಬರ ಫೋನ್ ನಂಬರ್. ಪಕ್ಕದಲ್ಲಿ ಡಾಕ್ಟರ ಚೀಟಿಯ ನಕಲು. ಮೇಲಿನಿಂದ ನೋಡುವವರಿಗೆ ಅದು ಖಣದ ಚೀಲ. ತೆರೆದವರಿಗೆ ಓದಲು ಎಲ್ಲ ಇದೆ.

ಇಷ್ಟರಲ್ಲಿ ಒಂದನ್ನು ಮಾತ್ರ ನಾನು ಮುಚ್ಚಿಡುವುದಿಲ್ಲ. ಮೂಗಿಗೆ ಸಿಂಪಡಿಸುವ ಮಿಡಾಜೋಲಾಮ್ ಎಂಬ ತುರ್ತು ಔಷಧಿಯನ್ನೂ ಡಾಕ್ಟರ್ ಬರೆದುಕೊಟ್ಟಿದ್ದಾರೆ. ಸೆಳೆತ ಐದು ನಿಮಿಷ ದಾಟಿದರೆ ಕೊಟ್ಟು, ಆಂಬುಲೆನ್ಸಿಗೆ 108ಕ್ಕೆ ಫೋನ್ ಮಾಡಬೇಕು. ಅದು ಬ್ಯಾಗಿನ ಹೊರಕಿಸೆಯಲ್ಲಿ, ಕೆಂಪು ಗುಂಡಿ ಹೊಲಿದ ಜಾಗದಲ್ಲಿ ಇರುತ್ತದೆ. ಅದನ್ನು ಹುಡುಕುವ ಹೊತ್ತಿನಲ್ಲಿ ಬಹುಶಃ ನನ್ನ ಕೈ ನಡುಗುತ್ತಿರುತ್ತದೆ, ಅಥವಾ ನಾನು ಅಲ್ಲಿ ಇರುವುದೇ ಇಲ್ಲ. ಶಾಲೆಯ ತರಗತಿಯ ಟೀಚರಿಗೆ, ನನ್ನ ತಂಗಿಗೆ, ಪಕ್ಕದ ಮನೆಯ ವೈನಿಗೆ ಆ ಗುಂಡಿಯ ಗುರುತು ಗೊತ್ತು. ಜೊತೆಗೆ ಇದನ್ನೂ ಹೇಳಿಕೊಟ್ಟಿದ್ದೇನೆ: ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ, ಬಾಯಿಗೆ ಏನನ್ನೂ ತುರುಕಬೇಡಿ. ಕೈಗೆ ಕಬ್ಬಿಣದ ಕೀಲಿಕೈ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಚಪ್ಪಲಿ ಮೂಸಿಸುವುದು ಯಾವುದೂ ಬೇಡ. ಟೀಚರು ಕೇಳಿದ ಮೊದಲ ಪ್ರಶ್ನೆ, "ಉಳಿದ ಮಕ್ಕಳಿಗೆ ಏನು ಹೇಳಲಿ?" ಎಂದು. "ಅವಳನ್ನೇ ಕೇಳಿ, ಅವಳು ಹೇಳು ಎಂದಷ್ಟು ಹೇಳಿ" ಎಂದೆ.

ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು, ಕೊಟ್ಟ ಕೂಡಲೇ ವಾಂತಿಯಾದರೆ ಏನು ಎಂಬುದನ್ನು ಪ್ರಯಾಣಕ್ಕೆ ಮುಂಚೆಯೇ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ತಪ್ಪಿದ್ದಕ್ಕೆ ಸೇರಿಸಿ ಎರಡು ಪಟ್ಟು ಕೊಡುವುದಂತೂ ಇಲ್ಲವೇ ಇಲ್ಲ. ಈ ಔಷಧಿಗಳನ್ನು ಫಕ್ಕನೆ ನಿಲ್ಲಿಸಿದರೆ ಸೆಳೆತ ಬರಬಹುದು, ಹಾಗಾಗಿ ಬಾಟಲಿ ಮುಗಿಯಲು ಒಂದು ವಾರ ಇರುವಾಗಲೇ ಇನ್ನೊಂದನ್ನು ತಂದಿಡುತ್ತೇನೆ. ಹಳ್ಳಿಯ ಮದುವೆಗೆ ಹೋದಾಗ ಅದೇ ಔಷಧಿ ಅಲ್ಲಿ ಸಿಗುತ್ತದೆ ಎಂದು ನಂಬುವುದಿಲ್ಲ.

ಇಷ್ಟಾದರೂ ಯಾರಾದರೂ ನೋಡಿಯೇ ನೋಡುತ್ತಾರೆ. "ಏನದು ಕೊಟ್ಟದ್ದು?" ಎಂದರೆ "ಔಷಧಿ, ಡಾಕ್ಟರ್ ಬರೆದದ್ದು" ಎನ್ನುತ್ತೇನೆ. ಸುಳ್ಳಲ್ಲ, ಇಡೀ ಕಥೆಯೂ ಅಲ್ಲ. ಮುಂದಿನ ಪ್ರಶ್ನೆ ಬರುವ ಮೊದಲು "ಆ ಕುಪ್ಪಸದ ತೋಳು ಈಗ ಸರಿಯಾಯಿತೇ ಅಕ್ಕಾ?" ಎಂದು ಕೇಳುತ್ತೇನೆ. ತೋಳಿನ ಮಾತು ಶುರುವಾದರೆ ಊಟ ಮುಗಿಯುವವರೆಗೆ ಸಾಕು.

ಈಗ ಅಂಗಡಿಗೆ ಚಂಚಿ ಕೇಳಿಕೊಂಡು ಬರುವವರೂ ಇದ್ದಾರೆ. ಸಿರಪ್ ಒಯ್ಯುವವರಿಗೆ ಅವರ ಸಿರಿಂಜನ್ನೇ ತರಿಸಿ, ತುಂಬಿದ ಅಳತೆ ತೆಗೆದು ಹೊಲಿದುಕೊಡುತ್ತೇನೆ. ಮೊನ್ನೆ ಓಣಿಯ ಕಾಕಾ ಒಬ್ಬರು ಇನ್ಸುಲಿನ್ ಪೆನ್ನಿಗೂ ಇಂಥದ್ದೇ ಬೇಕೆಂದರು. ಬೇಡ ಕಾಕಾ ಎಂದೆ. ನನ್ನ ಚಂಚಿಯ ರೆಗ್ಜಿನ್ ಸೆಕೆಯನ್ನು ಒಳಗೇ ಹಿಡಿದಿಡುತ್ತದೆ, ಇನ್ಸುಲಿನ್ ಸೆಕೆಗೆ ಕೆಡುತ್ತದೆ. ಅದಕ್ಕೆ ನೀರಿನಲ್ಲಿ ನೆನೆಸಿ, ಆ ನೀರು ಆರುವಾಗ ತಂಪು ಕೊಡುವ ಚೀಲಗಳೇ ಬೇರೆ ಬರುತ್ತವೆ. ಗಾಳಿಯಾಡುವ ದಪ್ಪ ಹತ್ತಿ ಬಟ್ಟೆಯಲ್ಲಿ ಹೊರಚೀಲ ಒಂದನ್ನು ಹೊಲಿದುಕೊಡುತ್ತೇನೆ, ಒಳಗಿನದನ್ನು ಔಷಧಿ ಅಂಗಡಿಯಲ್ಲೇ ತರಿಸಿಕೊಳ್ಳಿ ಎಂದು ಹೇಳಿ, ಅಳತೆಗೆಂದು ಅವರ ಪೆನ್ನಿನ ಖಾಲಿ ಡಬ್ಬಿ ಇಟ್ಟುಕೊಂಡಿದ್ದೇನೆ.