ಡಿಬಿ ಬಾಕ್ಸ್‌ಗೆ ಜಾಗ ಹುಡುಕುವಾಗ ನಾನು ನೋಡುವುದು

ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ವೈರಿಂಗ್ ಮಾಡುವುದು ನನ್ನ ಕೆಲಸ. ಗೋಡೆ ಕೊರೆಯುವ ಮೊದಲೇ ಡಿಬಿ ಜಾಗ, ಅಂದರೆ ಮೇನ್ ಸ್ವಿಚ್ ಇರುವ, ಮನೆಗೆಲ್ಲಾ ಕರೆಂಟ್ ಹಂಚುವ ಡಬ್ಬಿಯ ಜಾಗ, ಗಟ್ಟಿ ಮಾಡಿಕೊಳ್ಳುತ್ತೇನೆ. ಎಲ್ಲಾ ಪೈಪೂ ಅಲ್ಲಿಗೇ ಬಂದು ಸೇರುತ್ತವೆ, ಆಮೇಲೆ ಸರಿಸೋಣ ಅಂದರೆ ಆಗದ ಮಾತು.

ಧಾರವಾಡದ ಸಪ್ತಾಪುರದ ಕಡೆ ಒಂದು ಮನೆ. ಮನೆಯ ಅಕ್ಕಾವರು, "ಹಾಲಿನ್ಯಾಗ ಈ ಡಬ್ಬಿ ಚಂದ ಕಾಣೂದಿಲ್ರಿ, ಮೆಟ್ಟಿಲ ಕೆಳಗ ಹಾಕ್ರಿ" ಅಂದರು. ಸುಮಾರು ಮನೆಗಳಲ್ಲಿ ಇದೇ ಮಾತು. ಆದರೆ ಮೆಟ್ಟಿಲ ಕೆಳಗೆ ನಾಳೆ ಜೋಳದ ಚೀಲ ಬರುತ್ತದೆ, ಹಳೇ ಪೇಪರ್ ಬರುತ್ತದೆ. ಮೇ ತಿಂಗಳ ಗುಡುಗು ಮಳೆಯಲ್ಲಿ ರಾತ್ರಿ ಟ್ರಿಪ್ ಆದರೆ ಕತ್ತಲಲ್ಲಿ ಚೀಲ ಸರಿಸುತ್ತಾ ಕೂರಬೇಕು, ಅಲ್ವಾ? ಯಾರಿಗಾದರೂ ಶಾಕ್ ಹೊಡೆದಾಗ ಅಷ್ಟು ಹೊತ್ತು ಎಲ್ಲಿರುತ್ತದೆ? ಇದನ್ನೇ ಅವರಿಗೆ ಹೇಳಿದೆ. ಒಪ್ಪಿದರು.

ಅಡುಗೆ ಮನೆ, ಬಚ್ಚಲು ಮೊದಲೇ ಬಿಟ್ಟೆ. ಸಿಂಕ್, ಗ್ಯಾಸ್ ಒಲೆ ಮೇಲೆ ಬೋರ್ಡ್ ಹಾಕಬಾರದು ಅಂತ ನಿಯಮವೇ ಇದೆ. ಬಚ್ಚಲಿಗೆ ಬೆನ್ನು ಹಚ್ಚಿದ ಹಾಲಿನ ಗೋಡೆಯೂ ನನಗೆ ಬೇಡ. ಪಡುವಣ ಗೋಡೆಯನ್ನೂ ಬಿಟ್ಟೆ. ಧಾರವಾಡದ ಮಳೆ ಆ ಕಡೆಯಿಂದಲೇ ಬಡಿಯುತ್ತದೆ. ಗೋಡೆ ಒಳಗೊಳಗೇ ತೇವ ಹಿಡಿದರೆ ಟರ್ಮಿನಲ್ ಸ್ಕ್ರೂ ಹಸಿರುಗಟ್ಟುತ್ತದೆ, ಅಲ್ಲಿ ಕಾವು ಏಳುತ್ತದೆ, ವೈರಿನ ಇನ್ಸುಲೇಶನ್ ಕಂದಾಗುತ್ತದೆ. ಇದು ಹೊರಗಿನಿಂದ ಕಾಣುವುದೇ ಇಲ್ಲ.

ಕೊನೆಗೆ ಮುಂಬಾಗಿಲ ಹತ್ತಿರದ 9 ಇಂಚಿನ ಗೋಡೆ ಆರಿಸಿದೆ. ಬಾಗಿಲು ತೆರೆದಾಗ ಕದ ಅಡ್ಡ ಬರದ ಕಡೆ. ಹೆಸ್ಕಾಂ ಮೀಟರ್ ಹೊರಗೆ ಪೋರ್ಚಿನಲ್ಲಿದೆ, ಮೇನ್ ಕೇಬಲ್ಲೂ ಜಾಸ್ತಿ ಬೇಕಾಗಲಿಲ್ಲ. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಬಾಕ್ಸ್ ಹೂತರೆ ಹಿಂದೆ ಬರೀ ಗಿಲಾಯಿಯೇ ಉಳಿಯುತ್ತದೆ. ಆಚೆ ರೂಮಿನಲ್ಲಿ ಬಾಕ್ಸಿನ ಆಕಾರಕ್ಕೇ ಸರಿಯಾಗಿ ಬಿರುಕು ಬಿಡುತ್ತದೆ.

ಎತ್ತರ ನೆಲದಿಂದ 2 ಮೀಟರ್ ದಾಟಬಾರದು. ನಾನು ಸುಮಾರು 5 ಅಡಿಗೆ ಹಾಕುತ್ತೇನೆ. ಆ ಮನೆಯ ಅಜ್ಜಿಯನ್ನು ಕರೆದು, ಕೈ ಎತ್ತಿಸಿ, ಪೆನ್ಸಿಲ್ ಗುರುತು ಹಾಕಿದೆ. ಸ್ಟೂಲ್ ಇಲ್ಲದೆ ಅವರಿಗೆ ಮೇನ್ ಸ್ವಿಚ್ ಸಿಗಲೇಬೇಕು. ಸಣ್ಣ ಮಕ್ಕಳ ಕೈಗೆ ಎಟುಕಲೂಬಾರದು. ಎದುರಿಗೆ ಒಬ್ಬರು ಆರಾಮಾಗಿ ನಿಲ್ಲುವಷ್ಟು ಜಾಗ ಖಾಲಿ ಬಿಟ್ಟಿದ್ದೇವೆ, ಅಲ್ಲಿ ಚಪ್ಪಲಿ ಸ್ಟ್ಯಾಂಡ್ ಬೇಡ ಅಂತ ಹೇಳಿಯೇ ಬಂದೆ.

ಒಳಗೆ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿದೆ. ಒಂದೊಂದು ಲೈನಿಗೆ ಒಂದೊಂದು ಇರುವ ಸಣ್ಣ ಸ್ವಿಚ್ಚೇ ಎಂಸಿಬಿ. ಪ್ರತಿ ಎಂಸಿಬಿ ಕೆಳಗೆ ಕನ್ನಡದಲ್ಲೇ ಬರೆದೆ: ಗೀಸರ್, ಅಡುಗೆ ಮನೆ, ಮೇಲಿನ ರೂಮ್. ಆಮೇಲೆ ಅಜ್ಜಿಯ ಕೈಯಿಂದಲೇ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿಸಿದೆ. ಟಕ್ ಅಂತ ಬಿತ್ತು. "ಇಷ್ಟೇನಾ?" ಅಂದು ತಾವೇ ಮತ್ತೆ ಮೇಲೆತ್ತಿದರು.