ಕ್ಸೆನಾನ್ ಡಿಟೆಕ್ಟರಿನ ನ್ಯೂಟ್ರಾನ್ ಲೆಕ್ಕ ಹಾಕುವುದು ಹೇಗೆ?

ಡಾರ್ಕ್ ಮ್ಯಾಟರ್ ಹುಡುಕುವ ದ್ರವ ಕ್ಸೆನಾನಿನಲ್ಲಿ ಗಾಮಾ ಕಿರಣ ಎಲೆಕ್ಟ್ರಾನಿಗೆ ಬಡಿಯುತ್ತದೆ. ಹೊಮ್ಮಿದ ಬೆಳಕು ಮತ್ತು ವಿದ್ಯುದಾವೇಶದ ಅನುಪಾತ ನೋಡಿ ಅದನ್ನು ಬಹುಪಾಲು ಬೇರ್ಪಡಿಸಬಹುದು. ನ್ಯೂಟ್ರಾನಿನ ಮುಂದೆ ಈ ಉಪಾಯ ನಡೆಯದು. ವಿಂಪ್ (ಡಾರ್ಕ್ ಮ್ಯಾಟರ್ ಇದರಿಂದಾಗಿರಬಹುದು ಎಂದು ಊಹಿಸಿರುವ ಕಣ) ಬಡಿಯಬೇಕಾದ ನ್ಯೂಕ್ಲಿಯಸ್ಸಿಗೇ ಅದೂ ಬಡಿಯುತ್ತದೆ. ಆದ್ದರಿಂದ ಎಷ್ಟು ನ್ಯೂಟ್ರಾನ್ ಬರಬಹುದೆಂದು ಮೊದಲೇ ಲೆಕ್ಕ ಹಾಕಿಡಬೇಕು. ಒಂದು ಡಿಕ್ಕಿಯಲ್ಲಿ ಅದು ಕೊಡಬಲ್ಲದ್ದು ತನ್ನ ಶಕ್ತಿಯ ಶೇ. 3ರಷ್ಟು ಮಾತ್ರ. ಅಂದರೆ 1 ಎಂಇವಿ (ಹತ್ತು ಲಕ್ಷ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ) ನ್ಯೂಟ್ರಾನಿನಿಂದ ಹೆಚ್ಚೆಂದರೆ 30 ಕೆಇವಿ (30 ಸಾವಿರ ಎಲೆಕ್ಟ್ರಾನ್‌ವೋಲ್ಟ್): ನಾವು ವಿಂಪ್‌ಗಾಗಿ ಕಾದು ಕೂತ ಜಾಗವೇ ಅದು.

ನ್ಯೂಟ್ರಾನಿನ ಮೂಲಗಳಲ್ಲಿ ಹೊರಗಿನದನ್ನು, ಅಂದರೆ ಬಂಡೆಯ ಭಾಗವನ್ನು, ಬೇಗ ಮುಗಿಸಬಹುದು. ಇಟಲಿಯ ಗ್ರಾನ್ ಸಾಸ್ಸೊ ಭೂಗತ ಪ್ರಯೋಗಾಲಯದ ಮೇಲಿನ 1,400 ಮೀಟರ್ ಬಂಡೆ, ನ್ಯೂಟ್ರಾನ್ ಎಬ್ಬಿಸಬಲ್ಲ ಕಾಸ್ಮಿಕ್ ಕಿರಣದ ಮ್ಯೂಯಾನ್‌ಗಳನ್ನು ಸುಮಾರು ಹತ್ತು ಲಕ್ಷಕ್ಕೆ ಒಂದರಷ್ಟಕ್ಕೆ ಇಳಿಸುತ್ತದೆ. ಬಂಡೆಯಿಂದಲೇ ಹೊರಡುವ ನ್ಯೂಟ್ರಾನುಗಳನ್ನು ಸುತ್ತಲಿನ ಕೆಲವು ಮೀಟರ್ ನೀರು ನುಂಗುತ್ತದೆ. (ಜಾರ್ಖಂಡಿನ ಜಾದುಗುಡಾ ಪ್ರಯೋಗಾಲಯವಂತೂ 555 ಮೀಟರ್ ಆಳದಲ್ಲಿ, ಯುರೇನಿಯಂ ಗಣಿಯೊಳಗೇ ಇದೆ!) ನಿಜವಾದ ತಲೆನೋವು ಡಿಟೆಕ್ಟರಿನ ಸ್ವಂತ ಬಿಡಿಭಾಗಗಳು.

ಪ್ರತಿ ಭಾಗದ ತೂಕ ಬರೆದಿಟ್ಟು ಅದರಲ್ಲಿ ಕಲ್ಮಶವಾಗಿರುವ ಯುರೇನಿಯಂ, ಥೋರಿಯಂ ಅಳೆಯಿರಿ; ನ್ಯೂಟ್ರಾನ್ ಹುಟ್ಟುವುದು ಅವುಗಳಿಂದ. 1 ಪಿಪಿಬಿ (ನೂರು ಕೋಟಿಯಲ್ಲಿ ಒಂದು ಭಾಗ) ಯುರೇನಿಯಂ-238 ಎಂದರೆ ಕಿಲೋಗೆ 12.4 ಮಿಲಿಬೆಕೆರೆಲ್ (ಸೆಕೆಂಡಿಗೆ ಒಂದು ಕ್ಷಯ ಎಂದರೆ ಒಂದು ಬೆಕೆರೆಲ್), ಥೋರಿಯಂ-232 ಆದರೆ 4.1. ಗಾಮಾ ಅಳೆಯುವ ಜರ್ಮೇನಿಯಂ ಡಿಟೆಕ್ಟರ್ ಒಂದನ್ನೇ ನಂಬಬೇಡಿ. ಯುರೇನಿಯಂ ಒಂದಾದ ಮೇಲೊಂದು ಧಾತುವಾಗಿ ಕ್ಷಯಿಸುವ ಸರಣಿಯಲ್ಲಿ ಅದು ಚೆನ್ನಾಗಿ ಕಾಣುವುದು ರೇಡಿಯಂನಿಂದ ಕೆಳಗಿನದನ್ನು. ಲೋಹ ಶುದ್ಧೀಕರಣದಲ್ಲಿ ಸರಣಿಯ ಸಮತೋಲನ ಮುರಿದಿರುತ್ತದೆ, ಆದ್ದರಿಂದ ಮೇಲಿನ ಭಾಗಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಬೇಕೇ ಬೇಕು.

ಈಗ ಗುಣಾಕಾರ. ಯುರೇನಿಯಂನ ತಾನೇ ಆಗುವ ವಿದಳನದಿಂದ ಪ್ರತಿ ಕ್ಷಯಕ್ಕೆ ಸುಮಾರು 1.1×10⁻⁶ ನ್ಯೂಟ್ರಾನ್. 1 ಪಿಪಿಬಿಯ 10 ಕಿಲೋ ಭಾಗದಲ್ಲಿ ವರ್ಷಕ್ಕೆ ನಾಲ್ಕು. ತಾಮ್ರದಲ್ಲಿ ಬಹುಮಟ್ಟಿಗೆ ಇಷ್ಟೇ, ಏಕೆಂದರೆ ಅದರ ನ್ಯೂಕ್ಲಿಯಸ್ಸು ಸರಣಿಯ ಕ್ಷಯಗಳಲ್ಲಿ ಹೊಮ್ಮುವ ಆಲ್ಫಾ ಕಣವನ್ನು ಹತ್ತಿರ ಬಿಡುವುದಿಲ್ಲ. ಟೆಫ್ಲಾನಿನ ಕತೆ ಬೇರೆ: ಆಲ್ಫಾ ಕಣ ಫ್ಲೋರಿನ್ನಿಗೆ ಹೊಡೆದು ನ್ಯೂಟ್ರಾನ್ ಎಬ್ಬಿಸುತ್ತದೆ, ಇಳುವರಿ ವಿದಳನದ ಹಲವು ಹತ್ತು ಪಟ್ಟು. ಅದಕ್ಕೇ ಟೆಫ್ಲಾನ್ ಹಾಳೆಯನ್ನು ತೆರೆದ ಗಾಳಿಯಲ್ಲಿ ಬಿಡಬಾರದು. ಗಾಳಿಯಲ್ಲಿರುವ ರೇಡಾನ್ ಅನಿಲದ ಕ್ಷಯದಿಂದ ಹುಟ್ಟಿದ ಸಂತತಿ ಮೇಲ್ಮೈಗೆ ಅಂಟಿದರೆ 22 ವರ್ಷ ಅರ್ಧಾಯುವಿನ ಸೀಸ-210 ಅಲ್ಲೇ ಕುಳಿತು ಪೊಲೋನಿಯಂ-210ರ ಆಲ್ಫಾ ಕಣಗಳನ್ನು ಒದಗಿಸುತ್ತಲೇ ಇರುತ್ತದೆ. ಬಿಡಿಭಾಗಗಳ ಅಳತೆಪಟ್ಟಿಯಲ್ಲಿ ಈ ಸಾಲು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಈ ಸಂಖ್ಯೆ, ಶಕ್ತಿಗಳನ್ನು ಕಣಗಳ ಓಡಾಟ ಅನುಕರಿಸುವ ಸಾಫ್ಟ್‌ವೇರ್ ಜಿಯಾಂಟ್4ಗೆ ಕೊಟ್ಟು ಒಂದೇ ಸಲ ಬಡಿದು ಹೋಗುವವನ್ನು ಎಣಿಸಿ; ವಿಂಪ್ ಎಂದು ತಪ್ಪು ತಿಳಿಯುವಂಥವು ಅವೇ. ಎಂಇವಿ ನ್ಯೂಟ್ರಾನ್ ದ್ರವ ಕ್ಸೆನಾನಿನಲ್ಲಿ 10–15 ಸೆಂ.ಮೀ.ಗೊಮ್ಮೆ ಬಡಿಯುವುದರಿಂದ ದೊಡ್ಡ ಡಿಟೆಕ್ಟರಿನಲ್ಲಿ ಬಹಳಷ್ಟು ಎರಡು-ಮೂರು ಗುರುತು ಬಿಟ್ಟು ಸಿಕ್ಕಿಬೀಳುತ್ತವೆ.

ಉಳಿದವಕ್ಕೆ ವೀಟೋ: ಹೊರಬಿದ್ದ ನ್ಯೂಟ್ರಾನನ್ನು ಸುತ್ತಲಿನ ನೀರು ಹಿಡಿದಾಗ ಹೊಮ್ಮುವ ಗಾಮಾ ಕಂಡರೆ ಆ ಘಟನೆಯನ್ನು ತಳ್ಳಿಹಾಕುವುದು. ಬರಿಯ ನೀರಿನಲ್ಲಿ ಹೈಡ್ರೋಜನ್ ನ್ಯೂಟ್ರಾನನ್ನು ಹಿಡಿಯಲು ಸುಮಾರು 200 ಮೈಕ್ರೋಸೆಕೆಂಡ್ ಬೇಕು, ಸಿಗುವ ಗಾಮಾ 2.2 ಎಂಇವಿ. ಗ್ಯಾಡೊಲಿನಿಯಂ ಬೆರೆಸಿದರೆ ಸುಮಾರು 8 ಎಂಇವಿ, ಅದೂ ಬೇಗ. ಗ್ರಾನ್ ಸಾಸ್ಸೊದ ಕ್ಸೆನಾನ್-ಎನ್‌ಟಿ ಡಿಟೆಕ್ಟರ್ ತನ್ನ ಮೊದಲ ಸುತ್ತಿನಲ್ಲಿ ಬರಿಯ ನೀರಿನಿಂದ, 250 ಮೈಕ್ರೋಸೆಕೆಂಡ್ ಕಾಯುವ ಕಿಟಕಿಯಲ್ಲಿ ಶೇ. 53ರಷ್ಟು ನ್ಯೂಟ್ರಾನ್ ಹಿಡಿಯಿತು; ತೆತ್ತದ್ದು ಶೇ. 1.6 ಓಟದ ಸಮಯ. ಕಿಟಕಿ ಅಗಲಿಸಿದರೆ ಹೆಚ್ಚು ಸಿಗುತ್ತವೆ, ಕಾಕತಾಳೀಯ ಗಾಮಾಗಳಿಂದ ಸಮಯವೂ ಹೆಚ್ಚು ಪೋಲಾಗುತ್ತದೆ.

ಕೊನೆಗೆ ದತ್ತಾಂಶದಲ್ಲಿ ಕಂಡ ಬಹುಬಡಿತಗಳನ್ನು ಲೆಕ್ಕದೊಂದಿಗೆ ತಾಳೆ ನೋಡಿ. ಆದರೆ ಡಿಟೆಕ್ಟರಿನ ತಳದ ಬಳಿ ಇರುವ ಋಣ ವಿದ್ಯುದ್ವಾರವಾದ ಕ್ಯಾಥೋಡ್‌ನ ಕೆಳಗೆ ಬಡಿದಾಗ ಬೆಳಕು ಕಾಣುತ್ತದೆ, ಆವೇಶ ಮೇಲೆ ಬರುವುದಿಲ್ಲ. ಎರಡು ಬಡಿತ ಒಂದಾಗಿ ತೋರುತ್ತದೆ. ಸಿಮ್ಯುಲೇಷನ್ನಿನಲ್ಲಿ ಆ ಕ್ಸೆನಾನನ್ನೂ ಸೇರಿಸಿರಬೇಕು.